ಮೂವತ್ತೈದು ಅಡಿ ಮೇಲೆ ತೋಟದವರ ಧೈರ್ಯ

ನಮ್ಮ ವಂಶದಲ್ಲಿ ಯಾರೂ ತೆಂಗಿನ ಮರ ಹತ್ತಿದವರಲ್ಲ. ಹಾಲ್ಕುರಿಕೆ ಹತ್ತಿರದ ನಮ್ಮೂರಿನಲ್ಲಿ ನಾಲ್ಕು ತಲೆಮಾರಿನಿಂದ ತೆಂಗನ್ನೇ ತಿಂದು, ತೆಂಗನ್ನೇ ಮಾರಿ, ತೆಂಗಿನ ಗರಿಯ ಚಪ್ಪರದಡಿ ಮದುವೆಯಾಗಿ, ಕೊನೆಗೆ ತೋಟದ ಮೂಲೆಯಲ್ಲೇ ಮಣ್ಣಾದವರು ನಾವು. ಆದರೆ ಮರದ ತುದಿಯಿಂದ ಊರು ಹೇಗೆ ಕಾಣುತ್ತದೆ ಎಂದು ನಮ್ಮ ಪೈಕಿ ಒಬ್ಬನಿಗೂ ಗೊತ್ತಿರಲಿಲ್ಲ. ಹತ್ತುವುದು ನಮ್ಮ ಕೆಲಸವಲ್ಲ. ಪಂಚೆ ಎತ್ತಿ ಕಟ್ಟಿ, ಬುಡದಲ್ಲಿ ನಿಂತು, ಕತ್ತು ಹಿಂದಕ್ಕೆ ಮಾಡಿ, "ಲೇ, ಆ ಬಲಗಡೆ ಗೊನೆ ಬುಟ್ಬುಟ್ಟೆ ನೋಡ್ಲಾ" ಎಂದು ಕೂಗುವುದು ನಮ್ಮ ಕೆಲಸ. ಇದಕ್ಕೆ ನಾವು ವ್ಯವಸಾಯ ಎಂದು ಹೆಸರಿಟ್ಟಿದ್ದೆವು.

ನಮ್ಮ ತೋಟದ ಮರ ಹತ್ತುತ್ತಿದ್ದವನು ನನ್ನ ಓರಗೆಯವನೇ. ನಾಲ್ಕನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮೇಷ್ಟರ ಕೈಯಲ್ಲಿ ಏಟು ತಿಂದವರು. ಆಮೇಲೆ ಅವನು ತನ್ನ ಅಪ್ಪನ ಹಿಂದೆ ಮರದ ಮೇಲಕ್ಕೆ ಹೋದ, ನಾನು ನನ್ನ ಅಪ್ಪನ ಹಿಂದೆ ಮರದ ಬುಡಕ್ಕೆ ಹೋದೆ. ಅವತ್ತಿನಿಂದ ಅವನ ಬಾಯಲ್ಲಿ ನಾನು 'ಚಿಕ್ಕಗೌಡ್ರು' ಆದೆ. ನನ್ನ ಬಾಯಲ್ಲಿ ಅವನು 'ಲೇ' ಆಗಿಯೇ ಉಳಿದ. ಕಾಲಿಗೊಂದು ಹಗ್ಗದ ಸುತ್ತು, ಸೊಂಟಕ್ಕೊಂದು ಮಚ್ಚು, ಇಷ್ಟೇ ಅವನ ಸಲಕರಣೆ. ಅರವತ್ತು ಎಪ್ಪತ್ತು ಅಡಿಯ ಹಳೇ ಮರಗಳಿಗೆ ಅವನು ಹತ್ತುತ್ತಿದ್ದುದನ್ನು ನೋಡಿ ನಾವು ಯಾರೂ ಬೆರಗಾಗಿದ್ದು ನೆನಪಿಲ್ಲ. ಇರುವೆ ಗೋಡೆ ಹತ್ತಿದರೆ ಯಾರಾದರೂ ಬೆರಗಾಗುತ್ತಾರೆಯೆ?

ಕಾಯಿ ಕೀಳುವ ದಿನ ನನಗೊಂದು ಜವಾಬ್ದಾರಿ ಇತ್ತು. ಅವನು ಮೇಲೆ ಗೊನೆಗೆ ಮಚ್ಚು ಆನಿಸಿ "ಬುಡ್ಲಾ?" ಎಂದು ಕೇಳಬೇಕು. ನಾನು ಸುತ್ತ ಕಣ್ಣಾಡಿಸಿ, ಕೆಳಗೆ ದನವಿಲ್ಲ, ಕರುವಿಲ್ಲ, ಸೋಗೆ ಆಯುವ ಹೆಂಗಸರಿಲ್ಲ ಎಂದು ಖಾತ್ರಿ ಮಾಡಿಕೊಂಡು "ಬುಡು" ಎನ್ನಬೇಕು. ನಾನು ಹಾಗನ್ನುವವರೆಗೆ ಅವನು ಕಡಿಯುವ ಹಾಗಿಲ್ಲ. ನಾನು ಹುಟ್ಟುವ ಮುಂಚೆ ಗೊನೆಯೊಂದು ಬಿದ್ದು ಸತ್ತ ಜೀವದ ಕಾರಣದಿಂದ ಬಂದ ಪದ್ಧತಿ ಇದು. ಸತ್ತದ್ದು ಕೂಲಿಯವರಾಗಿದ್ದರೆ ಈ ಪದ್ಧತಿ ಬರುತ್ತಿತ್ತೋ ಇಲ್ಲವೋ, ನಮ್ಮ ಮನೆಯ ಕರುವಾದ್ದರಿಂದ ಬಂತು.

ತಿಪಟೂರಿನಲ್ಲಿ ಪಿಯುಸಿಯನ್ನು ಎರಡು ಸಲ ಫೇಲಾದ ಮೇಲೆ ನನ್ನನ್ನು ಕೊಬ್ಬರಿ ಮಂಡಿಯಲ್ಲಿ ಕೂರಿಸುವುದು ಅಪ್ಪನ ಯೋಚನೆ. ಮಂಡಿಯಲ್ಲಿ ದಿನವಿಡೀ ಕೊಬ್ಬರಿ ಗಿಟುಕನ್ನು, ಒಣಗಿದೆಯೇ ಎಂದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ ಮುದುಕನಾಗುವುದು ನನಗೆ ಬೇಡವಾಗಿತ್ತು. ತುಮಕೂರಿನಲ್ಲಿ ಮಿಲಿಟರಿಗೆ ಜನ ತಗೊಳ್ಳುತ್ತಿದ್ದಾರೆ ಎಂದು ಕೇಳಿ ಹೋದೆ, ಓಡು ಅಂದರು ಓಡಿದೆ, ಎದೆ ಉಬ್ಬಿಸು ಅಂದರು ಉಬ್ಬಿಸಿದೆ, ತಗೊಂಡರು. ಇದೆಲ್ಲ ಎಪ್ಪತ್ತರ ದಶಕದ ಕೊನೆಯ ಮಾತು. ದೇಶ ಕಾಯುತ್ತೇನೆ ಎಂದು ಹೋದವನನ್ನು ಉತ್ತರದಲ್ಲೊಂದು ಕಡೆ ಗೋಧಿಹಿಟ್ಟು, ಬೇಳೆ, ಸಕ್ಕರೆ ಕಾಯಲು ಹಾಕಿದರು. ಎರಡು ವರ್ಷ ರೇಷನ್ ಗೋದಾಮಿನಲ್ಲಿ ಇಲಿಗಳ ವಿರುದ್ಧ ಯುದ್ಧ ಮಾಡಿದೆ.

ಒಂದು ದಿನ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ, ಪ್ಯಾರಾಶೂಟ್ ಶಾಲೆಗೆ ಹೋಗಲು ಯಾರಿಗೆ ಇಷ್ಟವಿದೆ ಎಂದು ಕೇಳಿದರು. ವಿಮಾನದಿಂದ ಹಾರುವ ಪಡೆಗೆ ಗೋದಾಮಿನವರೂ ಬೇಕಂತೆ, ಅವರೂ ಜೊತೆಗೆ ಹಾರಬೇಕಂತೆ. ನನಗೆ ಇಷ್ಟವಿರಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಮೀಸೆಯ ಹವಾಲ್ದಾರನೊಬ್ಬ, ಮದರಾಸಿಗಳು ಅನ್ನ ತಿಂದು ಕುಂಬಳಕಾಯಿ ಥರ ಕೂತಿರುತ್ತಾರೆ, ಇವರೆಲ್ಲಿ ಹಾರುತ್ತಾರೆ ಎಂದು ನಕ್ಕ. ಅವನಿಗೆ ತಿಪಟೂರೂ ಒಂದೇ ಮದರಾಸೂ ಒಂದೇ. ನನಗೆ ರೇಗಿತು. ಕೈ ಎತ್ತಿದೆ. ಎತ್ತರದ ಅಭ್ಯಾಸ ಇದೆಯೇ ಎಂದು ಸಾಹೇಬರು ಕೇಳಿದರು. ನಮ್ಮೂರಿನಲ್ಲಿ ದಿನಾ ಅರವತ್ತು ಅಡಿ ತೆಂಗಿನ ಮರ ಹತ್ತುತ್ತೇನೆ ಸಾರ್, ಎಂದೆ. ಹಾಗೆ ಹೇಳುವಾಗ ನನಗೆ ಅದು ಸುಳ್ಳು ಎಂದೇ ಅನ್ನಿಸಲಿಲ್ಲ. ನಮ್ಮ ತೋಟ, ನಮ್ಮ ಮರ, ನಮ್ಮ ಆಳು. ಅವನು ಹತ್ತಿದರೆ ನಾವು ಹತ್ತಿದ ಹಾಗೆಯೇ ತಾನೆ? ನಮ್ಮ ಕಡೆ ತೋಟದವರು "ಈ ವರ್ಷ ಹತ್ತು ಸಾವಿರ ಕಾಯಿ ಕಿತ್ತೆ" ಎನ್ನುವುದೇ ಹೀಗೆ. ಕಿತ್ತವನು ಪಕ್ಕದಲ್ಲೇ ನಿಂತಿರುತ್ತಾನೆ, ಅವನೂ ಹೌದು ಅನ್ನುವ ಹಾಗೆ ತಲೆಯಾಡಿಸುತ್ತಾನೆ.

ಮಿಲಿಟರಿಯವರು ಆಡಿದ ಮಾತನ್ನು ನಂಬಿಬಿಡುವ ಜನ ಎಂದು ನನಗೆ ಆಗ ಗೊತ್ತಿರಲಿಲ್ಲ. ನನ್ನ ಕಾಗದಪತ್ರದಲ್ಲಿ ಸಾಹೇಬರು ಅದನ್ನೇ ಬರೆದಿದ್ದರು. ಶಾಲೆ ಸೇರಿದ ಮೊದಲ ದಿನವೇ ನಮ್ಮ ಉಸ್ತಾದ, ಎಂದರೆ ಕಲಿಸುವ ಸಾರ್ಜೆಂಟು, ಅದನ್ನು ಓದಿ ನನಗೆ 'ನಾರಿಯಲ್', ಅಂದರೆ ತೆಂಗಿನಕಾಯಿ, ಎಂದು ಹೆಸರಿಟ್ಟ. ಎಲ್ಲದಕ್ಕೂ ನಾನೇ ಮುಂದೆ. "ನಾರಿಯಲ್, ತೋರಿಸು ಇವರಿಗೆ" ಎನ್ನುವನು. ಮೊದಲ ದಿನಗಳಲ್ಲಿ ಇದರಿಂದ ನನಗೇನೂ ನಷ್ಟವಾಗಲಿಲ್ಲ. ಆಗ ಕಲಿಸುತ್ತಿದ್ದುದು ಬೀಳುವುದನ್ನು. ಮೂರು ಅಡಿಯ ಕಟ್ಟೆಯಿಂದ ಮರಳಿಗೆ ನೆಗೆದು, ಎರಡು ಕಾಲು ಜೋಡಿಸಿ, ಮಂಡಿ ಮಡಿಸಿ, ಮೀನಖಂಡ, ತೊಡೆ, ಸೊಂಟ, ಭುಜ ಎಂದು ಕ್ರಮವಾಗಿ ಉರುಳಬೇಕು. ಪಿಯುಸಿಯಲ್ಲಿ ಎರಡು ಸಲ ಬಿದ್ದವನಿಗೆ ಇದೇನು ಮಹಾ. ಚೆನ್ನಾಗಿ ಬೀಳುತ್ತೇನೆ ಎಂದು ಉಸ್ತಾದ ಬೆನ್ನು ತಟ್ಟಿದ.

ಎರಡನೇ ವಾರ ಟವರ್ ಹತ್ತಿಸಿದರು.

ಕಬ್ಬಿಣದ ಕಂಬಗಳ ಮೇಲೆ ಮೂವತ್ತೈದು ಅಡಿ ಎತ್ತರದಲ್ಲಿ ಒಂದು ಹಲಗೆಯ ಕೋಣೆ. ಅದಕ್ಕೆ ವಿಮಾನದ ಬಾಗಿಲಿನಂಥ ಬಾಗಿಲು. ಭುಜಕ್ಕೂ ತೊಡೆಗೂ ಪಟ್ಟಿ ಬಿಗಿದು, ಅದನ್ನು ತಲೆಯ ಮೇಲಿನ ಉಕ್ಕಿನ ತಂತಿಗೆ ಸಿಕ್ಕಿಸುತ್ತಾರೆ. ಬಾಗಿಲಲ್ಲಿ ನಿಂತವನ ಬೆನ್ನಿಗೆ ತಟ್ಟಿ "ಗೋ" ಅಂದಾಗ ಹಾರಬೇಕು. ಸ್ವಲ್ಪ ದೂರ ಸುಮ್ಮನೆ ಬೀಳುತ್ತೀರಿ, ಆಮೇಲೆ ಪಟ್ಟಿ ಹಿಡಿದು ನಿಲ್ಲಿಸುತ್ತದೆ, ತಂತಿಯ ಮೇಲೆ ಜಾರಿಕೊಂಡು ಆ ತುದಿಯ ಮಣ್ಣಿನ ದಿಬ್ಬ ಸೇರುತ್ತೀರಿ. ಸಾಯುವ ಮಾತೇ ಇಲ್ಲ. ಒಂದು ಎಮ್ಮೆಗೆ ಆ ಪಟ್ಟಿ ಕಟ್ಟಿ ತಳ್ಳಿದ್ದರೂ ಅದು ಸುಖವಾಗಿ ದಿಬ್ಬ ಸೇರಿ ಮೇಯಲು ಶುರು ಮಾಡುತ್ತಿತ್ತು.

ಆದರೆ ಆ ಎತ್ತರವನ್ನು ಯಾರೋ ಕಿಡಿಗೇಡಿ ಬಹಳ ಯೋಚಿಸಿ ಇಟ್ಟಿದ್ದ. ಇನ್ನೂ ಮೇಲಾದರೆ ನೆಲ ನೆಲದ ಹಾಗೆ ಕಾಣುವುದಿಲ್ಲ, ನಕ್ಷೆಯ ಹಾಗೆ ಕಾಣುತ್ತದೆ. ಇನ್ನೂ ಕೆಳಗಾದರೆ ಕಾಲು ಉಳುಕಿದರೆ ಹೆಚ್ಚು. ಮೂವತ್ತೈದು ಅಡಿಯಿಂದ ಕೆಳಗಿನವರ ಮುಖ ಕಾಣುತ್ತದೆ, ಅವರು ನಗುತ್ತಿರುವುದೂ ಕಾಣುತ್ತದೆ. ಬಿದ್ದರೆ ಯಾವ ಕಲ್ಲಿಗೆ ತಲೆ ಬಡಿಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

"ಕೆಳಗೆ ನೋಡಬೇಡ, ಎದುರಿನ ನೀರಿನ ಟ್ಯಾಂಕು ನೋಡು" ಎಂದು ಉಸ್ತಾದ ನೂರು ಸಲ ಹೇಳಿದ್ದ. ಬೇರೆಯವರೆಲ್ಲ ನೋಡಿದರು. ನನಗೆ ಆಗಲಿಲ್ಲ. ಮೇಲಿಂದ ಏನೇ ಕೆಳಗೆ ಬೀಳುವ ಮೊದಲು ಬುಡದ ಸುತ್ತ ನೋಡುವುದು ನನಗೆ ಹುಟ್ಟಿದಾಗಿನಿಂದ ಬಂದ ಚಾಳಿ. ನಾನು ಕಲಿತಿದ್ದೇ ಅದೊಂದು ಕೆಲಸ. ಬಾಗಿಲಿಗೆ ಬಂದವನೇ ಬಗ್ಗಿ ನೋಡಿದೆ. ಕೆಳಗೆ ಟವರಿನ ನೆರಳಿನಲ್ಲಿ ಒಂದು ಕಂದು ನಾಯಿ ಮಲಗಿತ್ತು.

ಬೆನ್ನಿಗೆ ತಟ್ಟಿದರು, "ಗೋ" ಅಂದರು. ನಾನು ಕದಲಲಿಲ್ಲ. ಮತ್ತೆ ತಟ್ಟಿದರು. ನಾನು ಉಸ್ತಾದನ ಕಡೆ ತಿರುಗಿ, ಕೆಳಗೆ ನಾಯಿ ಇದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಾಯಿ, ನಾಯಿ, ಎಂದು ಬೆರಳು ತೋರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾರಲಾರದವನು ನಾಯಿ ಅಡ್ಡ ಅಂದೆ. ಹಿಂದೆ ಸಾಲಿನಲ್ಲಿ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಉಸ್ತಾದ ನಗಲಿಲ್ಲ. ಪಟ್ಟಿ ಬಿಚ್ಚಿ, ಮೆಟ್ಟಿಲು ತೋರಿಸಿ, ಪುಸ್ತಕದಲ್ಲಿ ಏನೋ ಬರೆದುಕೊಂಡ. ನಾನು ಒಂದೊಂದೇ ಮೆಟ್ಟಿಲು ಇಳಿದು ಬಂದೆ. ಮೇಲೆ ನನ್ನ ಬದಲು ಬಂಗಾಳದ ಒಬ್ಬ ಸಣಕಲ ಅಡುಗೆಯವನು ಕಾಳಿಯನ್ನು ಕೂಗಿ ಹಾರಿಬಿಟ್ಟ.

ಶಾಲೆಯ ನಿಯಮ ಏನೆಂದರೆ, ಯಾರೂ ನಿಮ್ಮನ್ನು ತಳ್ಳುವುದಿಲ್ಲ. ಹಾರಲಾರೆ ಎಂದರೆ ಬೈಯುವುದೂ ಇಲ್ಲ, ಹೊಡೆಯುವುದೂ ಇಲ್ಲ. ಬರೆದುಕೊಳ್ಳುತ್ತಾರೆ. ಹಾಗೆ ಮೂರು ಸಲ ಆದರೆ ಟ್ರಂಕು ಕಟ್ಟಿಸಿ ಬಂದ ಕಡೆಗೇ ವಾಪಸ್ ಕಳಿಸುತ್ತಾರೆ, ಜೊತೆಗೆ ಒಂದು ಚೀಟಿ. ಆ ಚೀಟಿಯಲ್ಲಿ ಏನಿರುತ್ತದೆ ಎಂದು ಮೀಸೆಯ ಹವಾಲ್ದಾರ ಓದಿ ಎಲ್ಲರಿಗೂ ಹೇಳುತ್ತಾನೆ.

ಅವತ್ತು ಸಂಜೆ ನಾಚಿಕೆಯಿಂದ ಊಟಕ್ಕೂ ಹೋಗದೆ ಕೂತು ಅಪ್ಪನಿಗೆ ಕಾಗದ ಬರೆದೆ. ಏನು ಬರೆದೆ? ನಿಜ ಬರೆಯಲಿಲ್ಲ. 'ತೀರ್ಥರೂಪರಾದ ತಂದೆಯವರ ಪಾದಗಳಿಗೆ' ಎಂದು ಶುರು ಮಾಡಿದವನಿಗೆ ಎರಡನೇ ಸಾಲಿಗೇ ಮದ ಏರಿತು. ವಿಮಾನದಿಂದ ಹಾರಿದೆ ಎಂದು ಬರೆದೆ. ಆಗ ಮೋಡ ನನ್ನ ಕಾಲಡಿಯಲ್ಲಿತ್ತು ಎಂದು ಬರೆದೆ. ಎಲ್ಲರಿಗಿಂತ ಮೊದಲು ನನ್ನನ್ನೇ ಕರೆಯುತ್ತಾರೆ ಎಂದು ಬರೆದೆ, ಅದು ಮಾತ್ರ ನಿಜ. ಭಯ ಅನ್ನುವುದು ಮನಸ್ಸಿನ ಭ್ರಮೆ, ಗಂಡಸಾದವನು ಒಂದು ಸಲ ಕಾಲು ಎತ್ತಿಟ್ಟರೆ ಅದು ಓಡಿಹೋಗುತ್ತದೆ ಎಂದು ಉಪದೇಶವನ್ನೂ ಸೇರಿಸಿದೆ. ಇನ್‌ಲ್ಯಾಂಡ್ ಕಾಗದದ ಮಡಿಕೆಯವರೆಗೂ ಜಾಗ ಬಿಡದೆ ಬರೆದು, ಅಂಟಿಸಿ, ಡಬ್ಬಕ್ಕೆ ಹಾಕಿ ಬಂದಾಗ ಮನಸ್ಸು ಹಗುರಾಯಿತು. ನಿಜಕ್ಕೂ ಹಾರಿದ್ದೇನೇನೋ ಅನ್ನಿಸಿ ನಿದ್ದೆ ಬಂತು.

ಎರಡು ದಿನ ಬಿಟ್ಟು ಮತ್ತೆ ಹತ್ತಿಸಿದರು. ಉಸ್ತಾದ ಮುಂಜಾಗ್ರತೆಯಾಗಿ ನಾಯಿಯನ್ನು ಓಡಿಸಿದ್ದ. ಆದರೂ ನಾನು ಬಗ್ಗಿ ನೋಡಿದೆ. ಏನೂ ಇರಲಿಲ್ಲ, ಬರೀ ನೆಲ. ಅದು ನಾಯಿಗಿಂತ ಕೆಟ್ಟದಾಗಿತ್ತು. ಈ ಸಲ ನಾನು ಬಾಗಿಲ ಚೌಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡೆನೆಂದರೆ, ಇಬ್ಬರು ಸೇರಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಉಸ್ತಾದ ಕೆಳಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳು ನಾರಿಯಲ್, ನೀನು ಯಾವತ್ತಾದರೂ ಮರ ಹತ್ತಿದ್ದೀಯಾ?" ಎಂದು ಕೇಳಿದ. ನಾನು ನೆಲ ನೋಡಿದೆ. "ಹತ್ತಿದವನು ಯಾರು?" ಎಂದ. ನಮ್ಮ ಆಳು, ಎಂದೆ. "ಅವನನ್ನೇ ಕಳಿಸಬೇಕಿತ್ತು" ಎಂದು ಹೇಳಿ ಬೀಡಿ ಹಚ್ಚಿದ. ಆದರೂ ಕೆಟ್ಟ ಮನುಷ್ಯನಲ್ಲ. ಮೂರನೇ ಸಲಕ್ಕೆ ತಕ್ಷಣ ಹತ್ತಿಸದೆ, ಕಾಲು ಉಳುಕಿದೆ ಎಂದು ಬರೆಸಿ, ಮುಂದಿನ ಬ್ಯಾಚಿಗೆ ಹಾಕಿಸಿದ. ಮೂರು ವಾರ ಹೊಸಬರ ಜೊತೆ ಮತ್ತೆ ಮರಳಿನಲ್ಲಿ ಉರುಳಿದೆ.

ಆ ಮೂರು ವಾರದ ನಡುವೆ ಅಪ್ಪನ ಉತ್ತರ ಬಂತು. ನನ್ನ ಕಾಗದವನ್ನು ಅಪ್ಪ ಮಂಡಿಯಲ್ಲಿ ಓದಿದ್ದರು, ಶಾಲೆಯಲ್ಲಿ ಓದಿದ್ದರು, ತೋಟದಲ್ಲಿ ಕೆಲಸದವರಿಗೂ ಓದಿ ಹೇಳಿದ್ದರು. ತುರುವೇಕೆರೆಯ ನಮ್ಮ ಸೋದರಮಾವನ ಮನೆಗೆ ಬಸ್ಸಿನಲ್ಲಿ ಹೋಗಿ ಓದಿ ಬಂದಿದ್ದರು. ನಾನು ರಜೆಗೆ ಬಂದಾಗ ಶಾಲೆಯಲ್ಲಿ ಸನ್ಮಾನ ಎಂದು ಹೆಡ್‌ಮೇಷ್ಟರು ತೀರ್ಮಾನಿಸಿದ್ದರಂತೆ. ನನಗೆ ಹೆಣ್ಣು ಕೊಡಲು ಹಂದನಕೆರೆ ಕಡೆಯ ಒಬ್ಬರು ತಾವಾಗಿಯೇ ಬಂದು ವಿಚಾರಿಸಿದ್ದರಂತೆ, ಹಾರಿದವರಿಗೆ ಕೊಡುವ ರೆಕ್ಕೆಯ ಬ್ಯಾಡ್ಜು ಹಾಕಿಕೊಂಡ ಫೋಟೋ ಬೇಕಂತೆ. ಕೊನೆಯಲ್ಲಿ, ಮರ ಹತ್ತುವವನು ಕೆಲಸಕ್ಕೆ ಬರುತ್ತಿಲ್ಲವಾದ್ದರಿಂದ ಈ ಸಲ ಕಾಯಿ ಕೀಳುವುದು ತಡವಾಗಿದೆ ಎಂದಿತ್ತು. ನಾನು ಆ ಸಾಲನ್ನು ಓದಿ ಮುಂದೆ ಹೋದೆ. ನನ್ನ ಕಣ್ಣೆಲ್ಲ ಇದ್ದದ್ದು ಫೋಟೋದ ಮೇಲೆ.

ಮೂರನೇ ಸಲ ಟವರ್ ಹತ್ತಿದಾಗ ನನ್ನಲ್ಲಿ ಧೈರ್ಯ ಇತ್ತು ಎಂದು ಯಾರೂ ತಿಳಿಯಬಾರದು. ಟವರಿನ ಭಯಕ್ಕಿಂತ ಊರಿನ ಭಯ ದೊಡ್ಡದಾಗಿತ್ತು, ಅಷ್ಟೇ. ನಮ್ಮಲ್ಲಿ ಬಹಳಷ್ಟು ಶೌರ್ಯ ಹುಟ್ಟುವುದೇ ಹೀಗೆ, ದೊಡ್ಡ ಭಯವೊಂದು ಸಣ್ಣ ಭಯದ ಕುತ್ತಿಗೆ ಹಿಡಿದು ನೂಕಿದಾಗ. ಬಾಗಿಲಿಗೆ ಬಂದೆ. ಯಥಾಪ್ರಕಾರ ಕೆಳಗೆ ನೋಡಿದೆ. "ಗೋ" ಅಂದರು. ಕಾಲು ಏಳಲಿಲ್ಲ. "ಗೋ!" ಅಂದರು. ಆಗ ನನ್ನ ಬಾಯಿಂದ ನನಗೇ ತಿಳಿಯದೆ ಜೋರಾಗಿ ಬಂದುಬಿಟ್ಟಿತು:

"ಬುಡ್ಲಾ?"

ಕೆಳಗಿದ್ದವರು ಮುಖ ಮುಖ ನೋಡಿಕೊಂಡರು. ನಾನು ಉತ್ತರಕ್ಕೆ ಕಾಯುತ್ತಿದ್ದೆ. ನಿಜವಾಗಿಯೂ ಕಾಯುತ್ತಿದ್ದೆ. ಕೆಳಗಿನಿಂದ ಅಪ್ಪಣೆ ಬಾರದೆ ಮೇಲಿಂದ ಏನೂ ಬೀಳಕೂಡದು, ಅದು ನಮ್ಮ ತೋಟದ ಕಾನೂನು. ಆದರೆ ಆ ದೇಶದಲ್ಲಿ ಕನ್ನಡ ಬಲ್ಲವರು ಯಾರಿದ್ದರು? ಉಸ್ತಾದ ಬಾಯಿ ತೆರೆದುಕೊಂಡು ನಿಂತಿದ್ದ. ಮೂರನೇ ಸಲವನ್ನು ಬರೆದುಕೊಳ್ಳಲು ಪುಸ್ತಕವನ್ನೂ ತೆರೆದಿದ್ದ. ಕೊನೆಗೆ ಎಷ್ಟೋ ವರ್ಷ ನಾನೇ ಮಾಡಿದ ಕೆಲಸವನ್ನು ನಾನೇ ಮಾಡಿದೆ. "ಬುಡು" ಎಂದು ಕೂಗಿ, ಕೈ ಬಿಟ್ಟೆ.

ಹಾರಿದೆ ಎನ್ನಲಾರೆ. ಗೊನೆ ಬಿದ್ದ ಹಾಗೆ ಬಿದ್ದೆ. ಜೀವ ಬಾಯಿಗೆ ಬಂದು, ಪಟ್ಟಿ ಜಗ್ಗಿದಾಗ ವಾಪಸ್ ಹೋಯಿತು. ದಿಬ್ಬದ ಮೇಲೆ ನನ್ನನ್ನು ಎತ್ತಿ ನಿಲ್ಲಿಸಿದಾಗ ನಾನು ಅಳುತ್ತಿದ್ದೆ ಎಂದು ಹೊಸ ಬ್ಯಾಚಿನವನೊಬ್ಬ ಆಮೇಲೆ ಹೇಳಿದ. ಗಾಳಿಗೆ ಕಣ್ಣಲ್ಲಿ ನೀರು ಬಂದಿದ್ದು ಎಂದು ನಾನು ವಾದಿಸಿದೆ. ಆಮೇಲೆ ವಿಮಾನದಿಂದ ಹಾರಿದ ಐದು ಸಲವೂ ಇಷ್ಟು ಕಷ್ಟವಾಗಲಿಲ್ಲ. ಅಲ್ಲಿ ಇಳಿದು ಹೋಗಲು ಮೆಟ್ಟಿಲಿರುವುದಿಲ್ಲ, ಹಿಂದೆ ಇಪ್ಪತ್ತು ಜನ ಬಸ್ಸಿನಲ್ಲಿ ನೂಕಿದ ಹಾಗೆ ನೂಕುತ್ತಿರುತ್ತಾರೆ. ಎದೆಗೆ ರೆಕ್ಕೆ ಚುಚ್ಚಿದರು, ತಲೆಗೆ ಮರೂನ್ ಬಣ್ಣದ ಟೋಪಿ ಕೊಟ್ಟರು. ಫೋಟೋ ತೆಗೆಸಿದೆ. ಕಾಗದದಲ್ಲಿ ಬರೆದದ್ದು ಈಗ ನಿಜವೇ ಆಯಿತಲ್ಲ, ಒಂದು ತಿಂಗಳು ಹಿಂದುಮುಂದಾದರೆ ಯಾರ ಗಂಟೇನು ಹೋಯಿತು ಎಂದು ಸಮಾಧಾನ ಮಾಡಿಕೊಂಡೆ.

ರಜೆಗೆ ಊರಿಗೆ ಬಂದ ಮೂರನೇ ದಿನ ಸನ್ಮಾನ. ನಮ್ಮ ಕಡೆ ದೊಡ್ಡವರಿಗೆ ಹೂವಿನ ಹಾರ ಸಾಲದು, ಕೊಬ್ಬರಿ ಗಿಟುಕುಗಳನ್ನು ಪೋಣಿಸಿದ ಹಾರ ಹಾಕುತ್ತಾರೆ. ಅದನ್ನು ಹಾಕಿದ ಮೇಲೆ ನನ್ನ ಕತ್ತು ತಾನಾಗಿಯೇ ವಿನಯದಿಂದ ಬಾಗಿತು. ಪ್ಯಾರಾಶೂಟಿನ ಗಂಟೂ ಅಷ್ಟು ಭಾರ ಇರಲಿಲ್ಲ. ಹೆಡ್‌ಮೇಷ್ಟರು ನನ್ನನ್ನು ಗರುಡನಿಗೂ ಹನುಮಂತನಿಗೂ ಹೋಲಿಸಿದರು. ಅದೇ ಹೆಡ್‌ಮೇಷ್ಟರು ಹಿಂದೆ ನನ್ನನ್ನು ಬೇರೊಂದು ಪ್ರಾಣಿಗೆ ಹೋಲಿಸುತ್ತಿದ್ದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ಭಯ ಅಂದ್ರೆ ಏನೂ ಅಂತ ನನಗೆ ಗೊತ್ತಿಲ್ಲ" ಎಂದು ಶುರು ಮಾಡಿದೆ. ಚಪ್ಪಾಳೆ ಬಿತ್ತು. ಮುಂದಿನ ಅರ್ಧ ಗಂಟೆ ನಾನು ಏನೇನು ಹೇಳಿದೆನೋ ಬರೆಯಲು ಈಗ ನಾಚಿಕೆಯಾಗುತ್ತದೆ. ಅಪ್ಪ ಮುಂದಿನ ಸಾಲಿನಲ್ಲಿ ಕೂತು ಎರಡು ಸಲ ಕಣ್ಣೊರೆಸಿಕೊಂಡರು.

ಮಿಲಿಟರಿಯವನು ಊರಿಗೆ ಬಂದರೆ ರಮ್ಮಿನ ಬಾಟಲಿ ತಂದಿರುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಅದರ ಹೆಸರು ಎತ್ತುವಂತಿಲ್ಲ. ಆದರೆ ಸಭೆ ಮುಗಿದ ಮೇಲೆ ಹಣೆ ತುಂಬ ವಿಭೂತಿ ಇಟ್ಟ ಇಬ್ಬರು ಹಿರಿಯರು ನನ್ನನ್ನು ಶಾಲೆಯ ಹಿಂದಕ್ಕೆ ಕರೆದು, "ಬಾಳ ಕೆಮ್ಮು ಕಣಪ್ಪ, ಔಸ್ದಿಗೆ ಒಸಿ ಬೇಕಿತ್ತು" ಎಂದರು. ಒಂದು ಬಾಟಲಿ ಔಷಧಿಗೆ ಹೋಯಿತು. ಇನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮರ ಹತ್ತುವವನ ಮನೆ ಕಡೆ ಹೊರಟೆ. ಅವನು ಸಭೆಗೆ ಬಂದಿರಲಿಲ್ಲ. ಯಾಕೆಂದು ಅಮ್ಮನನ್ನು ಕೇಳಿದ್ದಕ್ಕೆ, "ಅವ್ನು ಮರದಿಂದ ಬಿದ್ದು ಸೊಂಟ, ಕಾಲು ಮುರ್ಕೊಂಡವ್ನೆ ಕಣಪ್ಪ. ನಿಮ್ಮಪ್ಪ ಬರ್ದಿರ್ಲಿಲ್ವಾ?" ಎಂದಿದ್ದಳು. ಬರೆದಿದ್ದರು. ಕಾಯಿ ಕೀಳುವುದು ತಡವಾಗಿದೆ ಎಂದು ಬರೆದಿದ್ದರು.

ಇನ್ನೂ ಬೆಳಕಿತ್ತು. ಅವನು ಗುಡಿಸಲ ಮುಂದೆ ಗೋಡೆಗೆ ಒರಗಿ ಕೂತು ನಾರಿನ ಹಗ್ಗ ಹೊಸೆಯುತ್ತಿದ್ದ. ಒಂದು ಕಾಲು ಮುಂದಕ್ಕೆ ಚಾಚಿತ್ತು, ನೇರವಾಗಿರಲಿಲ್ಲ. ನಾಟಿ ವೈದ್ಯ ಕಟ್ಟಿದ ಕಟ್ಟು ಬಿಚ್ಚಿದ ಮೇಲೆ ಅದು ಇನ್ನೊಂದಕ್ಕಿಂತ ಚಿಕ್ಕದಾಗಿಬಿಟ್ಟಿದೆ ಎಂದು ಅವನ ಹೆಂಡತಿ ಒಳಗಿನಿಂದಲೇ ಹೇಳಿದಳು. ಅವನು ಏಳಲು ಹೋದ. ಬೇಡ ಕೂತ್ಕೊಳ್ಳೋ ಎಂದೆ.

"ಭಾಷ್ಣ ಬಲು ಚೆನ್ನಾಗ್ ಮಾಡುದ್ರಂತೆ ಚಿಕ್ಕಗೌಡ್ರೆ. ಮೈಕಿನ್ ಸದ್ದು ಇಲ್ಗಂಟ ಕೇಳ್ತಿತ್ತು" ಎಂದ. ಆಮೇಲೆ ಸ್ವಲ್ಪ ಹೊತ್ತು ಹಗ್ಗ ಹೊಸೆದು, "ಒಂದ್ ಮಾತ್ ಕೇಳ್ಲಾ? ಮ್ಯಾಲಿಂದ ಹಾರ್ವಾಗ ಹಿಡ್ಕೊಳಾಕೆ ಏನಿರ್ತದೆ?" ಎಂದ.

"ಏನೂ ಇರಲ್ಲ ಕಣ್ಲಾ."

"ಏನೂ ಇಲ್ವಾ? ಹಂಗಾದ್ರೆ ಭಯ ಆಗಲ್ವಾ?"

ಊರಿನಲ್ಲಿ ಅಷ್ಟು ಜನ ಅಷ್ಟು ಪ್ರಶ್ನೆ ಕೇಳಿದ್ದರು. ಸಂಬಳ ಎಷ್ಟು, ಊಟ ಎಂಥದು, ವಿಮಾನದ ಒಳಗೆ ಕಕ್ಕಸು ಇರುತ್ತದೆಯೇ ಎಂದೆಲ್ಲ. ಭಯ ಆಗಲ್ವಾ ಎಂದು ಕೇಳಿದವನು ಇವನೊಬ್ಬನೇ. ಮೇಲೆ ಹೋಗಿ ಬಂದವನ ಹತ್ತಿರ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಟವರಿನ ಎತ್ತರ ಹೇಳಿದೆ, ಅದು ನಮ್ಮ ಬಾವಿ ಪಕ್ಕದ ಮರದ ಅರ್ಧದಷ್ಟೇ ಎಂದು ಹೇಳಿದೆ. ನಾಯಿಯ ಕತೆ ಹೇಳಿದಾಗ ಅವನು ಹಗ್ಗ ಬಿಟ್ಟು ನಕ್ಕ. ನಾನೂ ನಕ್ಕೆ. ಎರಡು ಸಲ ಹಾರಲ್ಲ ಎಂದು ಇಳಿದು ಬಂದೆ ಎಂದೆ.

ಅವನು ನಗು ನಿಲ್ಲಿಸಿದ. "ಹಾರಲ್ಲ ಅಂದ್ರೆ ಬುಡ್ತಾರಾ? ಹೊಡಿಯಾಕಿಲ್ವಾ?"

"ಇಲ್ಲ. ಬರ್ಕೋತಾರೆ. ಮೂರನೇ ಸಲನೂ ಆಗಲ್ಲ ಅಂದ್ರೆ ವಾಪಸ್ ಕಳಿಸ್ತಾರೆ."

"ಅಷ್ಟೇಯಾ?"

"ಅಷ್ಟೇ."

ಅವನು ಚಾಚಿದ ಕಾಲನ್ನು ಕೈಯಿಂದ ಎತ್ತಿ ಸರಿಸಿಕೊಂಡ. "ನಾನೂ ಅವತ್ತು ಆಗಾಕಿಲ್ಲ ಅಂದಿದ್ದೆ" ಎಂದ. ದೂರಿನ ಧ್ವನಿಯಲ್ಲ, ಮಳೆ ಬಂದ ಸುದ್ದಿ ಹೇಳುವ ಹಾಗೆ. "ಗಾಳಿ ಬಾಳ ಇತ್ತು. ಮರ ಓಲಾಡ್ತಿತ್ತು. ದಿನಾ ಭಯ ಆಗೋದೇಯ, ಅವತ್ತು ಒಸಿ ಜಾಸ್ತಿ ಆಯ್ತು. ನಾಳೀಕೆ ಹತ್ತೀನಿ ಗೌಡ್ರೆ ಅಂದೆ. ಅದುಕ್ಕೆ ದೊಡ್ಡಗೌಡ್ರು ಜೇಬಿಂದ ನಿಮ್ ಕಾಗ್ದ ತೆಗುದ್ರು. ಎಲ್ಲಾರ ಮುಂದೆ ಓದುದ್ರು. ನೋಡ್ಲಾ, ನಿನ್ ಜತೆ ಓದ್ದೋನು ಅಲ್ಲಿ ಮೋಡದ ಮ್ಯಾಲಿಂದ ಹಾರ್ತಾವ್ನೆ, ನೀನು ಇಲ್ಲಿ ನಮ್ ಮರ ಹತ್ತಾಕೆ ಹೆಂಗಸ್ರಂಗೆ ನಡುಗ್ತೀಯಲ್ಲ, ಅಂದ್ರು. ಕಾಲು ಎತ್ತಿಟ್ರೆ ಭಯ ಓಡೋಯ್ತದೆ ಅಂತ ನೀವೇ ಬರ್ದಿದ್ರಂತಲ್ಲ. ನಂಗೂ ನಾಚ್ಕೆ ಆಗೋಯ್ತು. ಹತ್ಬುಟ್ಟೆ."

ನನ್ನ ಎದೆಯ ಮೇಲೆ ರೆಕ್ಕೆಯ ಬ್ಯಾಡ್ಜು ಇನ್ನೂ ಇತ್ತು, ಸಭೆಯಿಂದ ಹಾಗೇ ಬಂದಿದ್ದೆ. ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು ಅನ್ನಿಸಿತು, ಕೈ ಬರಲಿಲ್ಲ.

ಅವನು ಮತ್ತೆ ಹಗ್ಗ ಕೈಗೆತ್ತಿಕೊಂಡ. ಎರಡು ಸುತ್ತು ಹೊಸೆದು ನಿಲ್ಲಿಸಿದ. ನಾನು ಈಗಷ್ಟೇ ಹೇಳಿದ್ದನ್ನೂ ಅವನು ತೋಟದಲ್ಲಿ ಕೇಳಿದ್ದನ್ನೂ ಜೋಡಿಸುತ್ತಿದ್ದ ಎಂದು ಕಾಣುತ್ತದೆ. ತಲೆ ಎತ್ತಿ ನನ್ನ ಮುಖ ನೋಡಿದ.

"ಆ ಕಾಗ್ದ ಬರ್ದಾಗ ನೀವಿನ್ನೂ ಹಾರಿರ್ಲಿಲ್ವಾ?"

"ಇಲ್ಲ ಕಣೋ" ಎಂದೆ. ಅವನನ್ನು 'ಲಾ' ಎನ್ನುವ ಧೈರ್ಯವಾಗಲಿಲ್ಲ.

ಅವನು ಬೈಯಲಿಲ್ಲ. ಬೈಯುತ್ತಾನೆ ಎಂದು ಕಾದೆ, ಬೈದರೆ ಸಾಕು ಅನ್ನಿಸಿತ್ತು. ಕತ್ತಲಾಗುತ್ತಾ ಬಂತು ಎಂದು ಹೆಂಡತಿಗೆ ದೀಪ ಹಚ್ಚಲು ಹೇಳಿದ. ನಾನು ಟವೆಲ್ಲು ಬಿಚ್ಚಿ ಬಾಟಲಿಯನ್ನು ಅವನ ಪಕ್ಕದಲ್ಲಿಟ್ಟೆ. ಅವನು ಅದನ್ನು ಎತ್ತಿ ನೋಡಿ, ನನ್ನ ಕಡೆಗೇ ಸರಿಸಿದ.

"ಬ್ಯಾಡ ಚಿಕ್ಕಗೌಡ್ರೆ. ತಗೊಂಡೋಗಿ."

ಅವನು ನಮ್ಮ ಮನೆಯವರಿಗೆ ಬೇಡ ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇಟ್ಟುಕೋ ಎಂದು ನಾನು ಒತ್ತಾಯ ಮಾಡಲಿಲ್ಲ. ಬಾಟಲಿ ಎತ್ತಿಕೊಂಡು ಮನೆಗೆ ಬಂದೆ.